ನಂದಿಬಟ್ಟಲು ಬಿದ್ದ ಕಡೆ

ನಮ್ಮ ಹೂವಿನ ಹಿತ್ತಲು ಎರಡು ಚಾಪೆ ಹಾಸಿದರೆ ಮುಗಿದುಹೋಗುವಷ್ಟಿತ್ತು. ಬಚ್ಚಲ ನೀರು ಹರಿಯುವ ಕಡೆ ದಾಸವಾಳ, ಅದರ ಪಕ್ಕ ನಂದಿಬಟ್ಟಲು, ಬೇಲಿಗೆ ಒರಗಿದ ಕಣಗಿಲೆ, ಬಾವಿಯ ಹತ್ತಿರ ಒಂದು ಮಲ್ಲಿಗೆ ಬಳ್ಳಿ. ಅಬ್ಬಲಿಗೆಯನ್ನು ಯಾರೂ ನೆಟ್ಟಿರಲಿಲ್ಲ, ಅದೇ ತನಗೆ ಬೇಕಾದಲ್ಲಿ ಹುಟ್ಟಿಕೊಳ್ಳುತ್ತಿತ್ತು. ತಾಳಗುಂದದ ಪಕ್ಕದ ಹಳ್ಳಿ ನಮ್ಮದು. ಅಲ್ಲಿಯ ಶಾಸನ ನೋಡಲು ಹೊರಟವರು ನಮ್ಮ ಬೇಲಿಯಾಚೆ ನಿಂತು ದಾರಿ ಕೇಳುತ್ತಿದ್ದರು. ಇಷ್ಟು ಹೂ ಬಿಟ್ಟಿರುವುದನ್ನು ಕಣ್ಣೆತ್ತಿಯೂ ನೋಡದೆ ಕಲ್ಲು ನೋಡಲು ಓಡುತ್ತಾರಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ಹಿತ್ತಲು ನನ್ನದು ಮತ್ತು ನನ್ನ ಸೋದರತ್ತೆಯದು. ಅತ್ತೆ ಎಂದರೆ ಅಪ್ಪನ ತಂಗಿ. ಸೊರಬದ ಕಡೆಗೆ ಮದುವೆಯಾಗಿ ಹೋದವಳು ಮೂರನೇ ವರ್ಷಕ್ಕೇ ತನ್ನ ಟ್ರಂಕಿನೊಂದಿಗೆ ವಾಪಸು ಬಂದಿದ್ದಳು. ಯಾಕೆಂದು ನನಗೆ ಯಾರೂ ಹೇಳಲಿಲ್ಲ. ಹೂವಿನ ವಿಷಯದಲ್ಲಿ ಮಾತ್ರ ಅವಳಷ್ಟು ಮಾತುಗಾತಿ ಇನ್ನೊಬ್ಬರಿರಲಿಲ್ಲ. ದೇವರಿಗೆ ಕೊಯ್ಯುವ ಹೂ ಮೂಸಬಾರದೆಂದು ಅಜ್ಜನ ಕಟ್ಟಪ್ಪಣೆ. ಅದಕ್ಕೆ ಮಲ್ಲಿಗೆ ಕೊಯ್ಯುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ತಡೆಯಲಾರದೆ ಒಮ್ಮೆ ಜೋರಾಗಿ ಎಳೆದುಕೊಂಡರೆ ಬಳ್ಳಿಯ ಪರಿಮಳವೆಲ್ಲ ಒಳಗೆ! ಅದು ಮೂಸಿದ್ದೋ, ಬರೀ ಉಸಿರಾಡಿದ್ದೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಅತ್ತೆ, “ಮೂಗು ಕೊಟ್ಟಾತನೂ ಅವನೇ ಅಲ್ಲೇನೇ?” ಎಂದು ನಗುತ್ತಿದ್ದಳು.

ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು. ನಾನು ಮಿಡ್ಲ್ ಸ್ಕೂಲು ಮುಗಿಸಿದ್ದೆ. ಶಿಕಾರಿಪುರದಲ್ಲಿ ದೊಡ್ಡಮ್ಮನ ಮನೆಯಿತ್ತು. ಅಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗಬೇಕೆಂದು ನನಗೆ ಆಸೆ. ಆಸೆ ಅಂದರೆ ಸಣ್ಣ ಮಾತಾಯಿತು, ಅನ್ನ ಸೇರುತ್ತಿರಲಿಲ್ಲ. ಅಜ್ಜ ಮಾತ್ರ, “ಹೆಣ್ಮಗಳಿಗೆ ನಾಕಕ್ಷರ ಬಂತಲ್ಲ, ಸಾಕು. ಪ್ಯಾಟಿಗೆ ಕಳಿಸಿ ಏನ್ ಆಗಬೇಕೈತಿ?” ಎಂದುಬಿಟ್ಟ. ಅಪ್ಪ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕಡೆಗೆ ಅಜ್ಜಿ ನಮ್ಮ ಮನೆಯ ಹಳೆಯ ದಾರಿ ಹಿಡಿದಳು. “ಹೂ ಕೇಳೋಣ ಬಿಡ್ರಿ. ದೇವರು ಹೇಳಿದಂಗ ಆಗ್ಲಿ.”

ಹೂ ಕೇಳುವುದೆಂದರೆ ಇಷ್ಟೇ. ದೇವರಕೋಣೆಯಲ್ಲಿ ನಮ್ಮ ಮನೆದೇವರ ಹಿತ್ತಾಳೆ ಮುಖವಿತ್ತು. ಅದರ ಎರಡೂ ಕಿವಿಯ ಹತ್ತಿರ ಒಂದೊಂದು ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿದ್ದುದನ್ನು ಹೇಳಿ ಕೈಮುಗಿದು ಕೂರಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಬಿತ್ತನೆಯಿಂದ ಹಿಡಿದು ಮದುವೆಯವರೆಗೆ ಎಲ್ಲ ತೀರ್ಮಾನವೂ ನಮ್ಮಲ್ಲಿ ಹೀಗೇ ಆಗುತ್ತಿತ್ತು. ಅಂಟಿಸುವವನು ಅಜ್ಜ. ಆ ವರ್ಷ ಅವನ ಕೈ ನಡುಗುತ್ತಿತ್ತು. “ನೀನೇ ಅಂಟಿಸವ್ವಾ. ಎಳೇ ಕೈ, ಅದರಾಗೆ ಕಪಟ ಇರಾದಿಲ್ಲ” ಎಂದ.

ಕಪಟ ಆ ಕೈಯಲ್ಲೇ ಇತ್ತು. ನನ್ನ ಹೂಗಳ ಗುಣ ನನಗೆ ಗೊತ್ತಿರಲಿಲ್ಲವೇ! ನಂದಿಬಟ್ಟಲನ್ನು ನೀರಲ್ಲಿ ಅದ್ದಿ ಎಸಳುಗಳನ್ನು ಮಟ್ಟಸವಾಗಿ ಒತ್ತಿದರೆ ಹಿತ್ತಾಳೆಗೆ ಗೋಂದು ಹಚ್ಚಿದಂತೆ ಕೂರುತ್ತದೆ. ಬರೀ ತೊಟ್ಟಿನ ತುದಿ ತಾಗಿಸಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೇ ಜಾರುತ್ತದೆ. ಎಡಗಡೆಯದನ್ನು ಒತ್ತಿದೆ, ಬಲಗಡೆಯದನ್ನು ತಾಗಿಸಿದೆ. ಹಿಂದೆ ಸರಿದು ಕೂತಾಗ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ, ಅದರ ಸದ್ದಿಗೇ ಎಡಗಡೆಯ ಹೂವೂ ಬಿದ್ದೀತೆಂದು ಹೆದರಿದೆ. ಪಾಪವೋ, ಪುಣ್ಯವೋ, ಯೋಚಿಸುವ ಮೊದಲೇ ಹೂ ಬಿತ್ತು.

“ಬಲ ಆತು!” ಎಂದಳು ಅಜ್ಜಿ.

“ಎಲ್ಲಿ ಬಲ?” ಅಜ್ಜ ಮುಂದಕ್ಕೆ ಬಾಗಿದ. “ದೇವರು ನಮ್ ಕಡಿಗೆ ಮಖ ಮಾಡ್ಕೊಂಡು ಕುಂತಾನೆ. ನಿನಗೆ ಬಲ ಆದ್ರೆ ಅವನಿಗೆ ಅದು ಎಡ.”

ನಾನು ಅಂಟಿಸಿದ್ದು ನನ್ನ ಬಲಕ್ಕೆ. ದೇವರ ಬಲ ಬೇರೆ ಎಂದು ಹೊಳೆದೇ ಇರಲಿಲ್ಲ. ಅಜ್ಜಿ ಒಪ್ಪಲಿಲ್ಲ. “ಕೇಳಾರು ನಾವು, ನಮ್ ಬಲಾನೇ ಲೆಕ್ಕ.” “ಹೇಳಾನು ಅವನು, ಅವನ ಬಲಾನೇ ಲೆಕ್ಕ” ಎಂದ ಅಜ್ಜ. ಅಪ್ಪ ಎದ್ದು ದೇವರ ಕಡೆಗೆ ಬೆನ್ನು ಹಾಕಿ ನಿಂತ, ಎರಡೂ ಕೈ ಚಾಚಿ ನೋಡಿಕೊಂಡ, ಮತ್ತೆ ತಿರುಗಿ ನಿಂತ. ಅವನಿಗೂ ಬಗೆಹರಿಯಲಿಲ್ಲ. ನಗು ಬರಬೇಕಾದ ಹೊತ್ತಿನಲ್ಲಿ ನಾನು ಅಳುತ್ತಿದ್ದೆ. ಮೋಸ ಮಾಡಿದ್ದಕ್ಕೋ, ಮೋಸವೂ ಕೈಕೊಟ್ಟಿದ್ದಕ್ಕೋ ನನಗೇ ಗೊತ್ತಿರಲಿಲ್ಲ.

ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತಿದಳು.

“ಅಪ್ಪಯ್ಯಾ, ನನ್ನ ಮದುವಿಗೆ ಹೂ ಕೇಳಿದಾಗ ಯಾರ ಬಲ ಹಿಡಿದಿದ್ರಿ?”

ಅಜ್ಜ ಅಜ್ಜಿಯ ಮುಖ ನೋಡಿದ. ಅಜ್ಜಿ ಅಜ್ಜನ ಮುಖ ನೋಡಿದಳು. ಕಡೆಗೆ ಅಜ್ಜ, “ನೆನಪಿಲ್ಲವ್ವಾ” ಎಂದ.

ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಅಳಬೇಕಿತ್ತೆಂದು ನನಗನ್ನಿಸಿತು. “ನೆನಪಿಲ್ಲಂದ್ರೆ ಈ ಹುಡುಗೀನ ಸಾಲಿಗೆ ಕಳಿಸ್ರಿ” ಎಂದು ದಾರಕ್ಕೆ ಗಂಟು ಹಾಕಿದಳು. ಮುಂದಿನ ವಾರ ಅಪ್ಪ ನನ್ನನ್ನು ಶಿಕಾರಿಪುರದ ಬಸ್ಸು ಹತ್ತಿಸಿದ.

ಹೈಸ್ಕೂಲಿಗೆ ಸೇರಿದ ಸಂತೋಷ ಸಂತೋಷದಂತೆ ಅನ್ನಿಸಲೇ ಇಲ್ಲ. ನನ್ನನ್ನು ಕಳಿಸಿದ್ದು ದೇವರೋ, ನಾನು ನಿಲ್ಲಿಸಿದ ಸಡಿಲ ಹೂವೋ, ಅತ್ತೆಯ ಒಂದು ಮಾತೋ? ರಜೆಗೆ ಬಂದಾಗಲೆಲ್ಲ ಹಿತ್ತಲಲ್ಲಿ ಅವಳ ಜೊತೆ ಹೂ ಕೊಯ್ಯುತ್ತಾ ನಿಜ ಹೇಳಿಬಿಡಬೇಕೆಂದುಕೊಳ್ಳುತ್ತಿದ್ದೆ. ಬಾಯಿ ತೆರೆದವಳು ಬೇರೇನೋ ಕೇಳಿ ಸುಮ್ಮನಾಗುತ್ತಿದ್ದೆ. ಬೈಸಿಕೊಳ್ಳುವ ಭಯ ನನಗಿರಲಿಲ್ಲ. “ಹಂಗಾದ್ರೆ ನನ್ನ ಹೂನೂ ಯಾರಾದ್ರೂ ಬೇಕಂತಲೇ ಸಡ್ಲ ಅಂಟಿಸಿದ್ರೇನೇ?” ಎಂದು ಅವಳು ಕೇಳಿಬಿಟ್ಟರೆ? ಅವಳ ಹೂ ಅಂಟಿಸಿದವನು ಅಜ್ಜ. ಆಗ ಅವನ ಕೈ ನಡುಗುತ್ತಿರಲಿಲ್ಲ.