ರೆಕಾರ್ಡ್ ರೂಮಿನ ಇಂಗ್ಲಿಷ್ ಮಾಸ್ಟ್ರು

ಬೆಳಿಗ್ಗೆ ಆರೂವರೆ. ಅತ್ತಾವರದ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಪಾಟುಗಳ ನಡುವೆ ಹೇಗೋ ಜಾಗ ಮಾಡಿಕೊಂಡ ಮೇಜಿನ ಮುಂದೆ ಕೂತು ಸೆವರಿನ್ ಕುಟಿನ್ಹಾ ಒಂದು ಇಂಗ್ಲಿಷ್ ಪ್ರಬಂಧ ಕೈಗೆತ್ತಿಕೊಳ್ಳುತ್ತಾರೆ. ಮೊದಲ ಸಾಲು ಓದಿದ ಕೂಡಲೇ ಕನ್ನಡಕ ತೆಗೆದು ಹಣೆ ಉಜ್ಜಿಕೊಳ್ಳುತ್ತಾರೆ.

"'ಇಂದಿನ ವೇಗದ ಜಗತ್ತಿನಲ್ಲಿ' ಅಂತೆ. ಈ ತಿಂಗಳು ಇದು ನಲವತ್ತಮೂರನೇ ಸಲ, ನಾನು ಎಣಿಸಿದ್ದೇನೆ. ಎಲ್ಲಿ ಉಂಟು ಮಾರಾಯ್ತಿ ಆ ವೇಗದ ಜಗತ್ತು? ನೀನು ಬರುವ ಬಜಪೆ ಬಸ್ಸು ಕಾವೂರಿನಲ್ಲಿ ಜನ ತುಂಬುವವರೆಗೆ ಅಲ್ಲಾಡುವುದಿಲ್ಲ."

ಎದುರಿಗೆ ನಿಂತ ನರ್ಸ್ ಸಂಚಿತಾ ನಗಬೇಕೋ ಅಳಬೇಕೋ ತಿಳಿಯದೆ ನೆಲ ನೋಡುತ್ತಾರೆ. ಹಿಂದೆ ಬೆಂಚಿನ ಮೇಲೆ ಇನ್ನೂ ನಾಲ್ವರು ನರ್ಸುಗಳು ತಮ್ಮ ತಮ್ಮ ಹಾಳೆ ಹಿಡಿದು ಸರದಿ ಕಾಯುತ್ತಿದ್ದಾರೆ. ಎಲ್ಲರದ್ದೂ ಅದೇ ಸಾಲು ಎಂಬುದು ಅವರ ಮುಖದಲ್ಲೇ ಗೊತ್ತಾಗುತ್ತದೆ.

ಇವರೆಲ್ಲ ಎಂ.ಎಸ್ಸಿ. ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಕೂರಲಿರುವವರು. ಅದರಲ್ಲಿ ಇಂಗ್ಲಿಷ್ ಓದಿ ಬರೆಯುವುದಕ್ಕೆ ಐವತ್ತು ಅಂಕ, ಇಪ್ಪತ್ತೈದು ಬರಲೇಬೇಕು. ಬಾರದಿದ್ದರೆ ನರ್ಸಿಂಗ್ ವಿಷಯದಲ್ಲಿ ನೂರಕ್ಕೆ ನೂರು ಬಂದರೂ ಪ್ರಯೋಜನವಿಲ್ಲ. ಮೂವತ್ತೆರಡರ ಸಂಚಿತಾಗೆ ಇದು ಮೂರನೇ ಯತ್ನ. ಮೊದಲ ಸಲ ಇಂಗ್ಲಿಷಿನಲ್ಲಿ ಎರಡು ಅಂಕ ಕಡಿಮೆ, ಎರಡನೇ ಸಲ ನಾಲ್ಕು. ಅಭ್ಯಾಸ ಮಾಡಿದಷ್ಟೂ ಇಳಿಯುವ ಅಂಕವನ್ನು, ಪತ್ರಿಕೆಗೆ ಬರೆಯಲೆಂದು ಬಂದ ನಾನು ಇಲ್ಲೇ ಕಂಡದ್ದು. ಆಸ್ಪತ್ರೆ ಸಂಬಳ ಸಹಿತ ರಜೆ ಕೊಟ್ಟು ಓದಿಸುವುದು ಮೂವತ್ತಮೂರು ತುಂಬುವವರೆಗೆ ಮಾತ್ರ. ಈ ಸಲ ತಪ್ಪಿದರೆ ಕಾಲೇಜಿನಲ್ಲಿ ಪಾಠ ಹೇಳುವ ಅವರ ಆಸೆಗೆ ಎಳ್ಳುನೀರು.

ಪಾಠ ಹೇಳುತ್ತಿರುವ ಸೆವರಿನ್ ಮೇಷ್ಟ್ರೂ ಅಲ್ಲ, ಪದವೀಧರರೂ ಅಲ್ಲ. ಇಲ್ಲಿ ಇಪ್ಪತ್ತಾರು ವರ್ಷಗಳಿಂದ ಕೇಸ್ ಶೀಟು ಜೋಡಿಸಿಡುವ ಗುಮಾಸ್ತ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಮಗ ಓದಿದ್ದು ಕನ್ನಡ ಮಾಧ್ಯಮ, ಪಿಯುಸಿಗೆ ಓದು ಮುಗಿಯಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು. ಇಂಗ್ಲಿಷ್ ಕಲಿತದ್ದು ಇದೇ ನೆಲಮಾಳಿಗೆಯಲ್ಲಿ, ರೋಗಿಗಳ ಕಾಗದ ಓದಿ ಓದಿ. "ಡಾಕ್ಟರ್‌ಗಳ ಅಕ್ಷರ ಬಿಡಿಸುವವನಿಗೆ ಮತ್ತೆ ಯಾವ ಪುಸ್ತಕವೂ ಕಷ್ಟ ಅಲ್ಲ" ಎನ್ನುತ್ತಾರೆ. ದಿನಕ್ಕೆ ನೂರರ ಮೇಲೆ ಶೀಟು ಬರುತ್ತದೆ. ಸಹಿ ಇಲ್ಲದ್ದು, ಹೊತ್ತು ಬರೆಯದ್ದು, ಅರ್ಥವಾಗದ್ದು ಎಲ್ಲ ವಾರ್ಡಿಗೆ ವಾಪಸ್. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ದೊಡ್ಡ ದೊಡ್ಡ ಡಾಕ್ಟರ್‌ಗಳೂ ಇವರ ಬಾಗಿಲಿಗೆ ಬರುವ ಮೊದಲು ಒಮ್ಮೆ ಕೆಮ್ಮುತ್ತಾರೆ.

ಈ ಪಾಠ ಶುರುವಾದದ್ದೂ ಕೋಪದಿಂದಲೇ. ಏಳು ವರ್ಷಗಳ ಹಿಂದೆ ಒಬ್ಬ ನರ್ಸ್ ಇಂಗ್ಲಿಷಿನಲ್ಲಿ ಫೇಲಾಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರಂತೆ. ಸೆವರಿನ್‌ಗೆ ಆಶ್ಚರ್ಯ. ಆಕೆಯ ಮುಖ ಪರಿಚಯವಿರಲಿಲ್ಲ, ಬರಹದ ಪರಿಚಯ ಚೆನ್ನಾಗಿತ್ತು. "ರಾತ್ರಿ ಪಾಳಿಯ ಟಿಪ್ಪಣಿ ಎಷ್ಟು ಚಂದ ಬರೀತಿದ್ದಳು ಗೊತ್ತುಂಟಾ? ಓದಿದರೆ ರೋಗಿ ಕಣ್ಣೆದುರು ಬರ್ತಾನೆ. ಅವಳೇ ಪರೀಕ್ಷೆಯಲ್ಲಿ ಕೂತರೆ ಗೈಡಿನ ಗಿಳಿ. ಇದು ಎಂತ ಕಥೆ ಅಂತ ನನಗೆ ತಲೆ ಕೆಟ್ಟಿತು."

ಅಂದಿನಿಂದ ದಿನಾ ಮುಕ್ಕಾಲು ಗಂಟೆ, ಡ್ಯೂಟಿ ಶುರುವಾಗುವ ಮುಂಚೆ. ಫೀಸಿಲ್ಲ. ಬೈಗುಳ ಧಾರಾಳ. ರೋಗಿಗಳ ಶೀಟು ಮಾತ್ರ ಯಾರಿಗೂ ತೋರಿಸುವುದಿಲ್ಲ. ನಾನು ಕಣ್ಣು ಹಾಯಿಸಿದ್ದಕ್ಕೆ ಕಪಾಟಿನ ಬಾಗಿಲು ನನ್ನ ಮೂಗಿನ ಹತ್ತಿರವೇ ಮುಚ್ಚಿತು.

ಓದುವ ಪಾಠ ಇನ್ನೂ ಬಿರುಸು. ಒಂದು ಪುಟದ ಇಂಗ್ಲಿಷ್, ಕೆಳಗೆ ಐದು ಪ್ರಶ್ನೆ. ಗೈಡು ಕಲಿಸುವ ಉಪಾಯವೆಂದರೆ ಮೊದಲು ಪ್ರಶ್ನೆ ನೋಡು, ಅದೇ ಪದ ಮೇಲೆ ಎಲ್ಲಿದೆ ಹುಡುಕು, ಟಿಕ್ ಹಾಕು. "ಸ್ಟ್ರಿಪ್ಪಿನ ಬಣ್ಣ ನೋಡಿ ಮಾತ್ರೆ ಕೊಡ್ತೀರಾ ನೀವು? ಇಲ್ಲ ಅಲ್ವಾ? ಹೆಸರು ಓದ್ತೀರಿ, ತಾರೀಕು ಓದ್ತೀರಿ. ಹಾಗಾದ್ರೆ ಇಲ್ಲಿ ಎಂತ ಬೇನೆ?" ಎಂದು ಗುಡುಗುತ್ತಾರೆ. ನನ್ನ ಕೈಗೂ ಒಂದು ಹಾಳೆ ಬಂತು. ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಸವೆದವನು ನಾನು. ಐದರಲ್ಲಿ ಎರಡು ತಪ್ಪಾಯಿತು. "ಇವರೂ ಗೈಡಿನ ಪಾರ್ಟಿಯೇ" ಎಂದು ಸೆವರಿನ್ ಬೆಂಚಿನ ಕಡೆ ತಿರುಗಿ ಘೋಷಿಸಿದರು. ನರ್ಸುಗಳು ಅಂದು ಮೊದಲ ಬಾರಿಗೆ ಮನಸಾರೆ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಸಂಚಿತಾರ ಹಾಳೆಯನ್ನು ಮಗುಚಿ ಹಾಕಿ ಸೆವರಿನ್ ಹೇಳುತ್ತಾರೆ: "ನಿನ್ನೆ ನಿನ್ನ ವಾರ್ಡಿನಲ್ಲಿ ಎಂತ ಆಯ್ತು? ಮುಂದಿನ ಪಾಳಿಯವಳಿಗೆ ಹೇಳುವ ಹಾಗೆ ಬರಿ. ರೋಗಿಯ ಹೆಸರು ಬೇಡ." ಹತ್ತು ನಿಮಿಷದಲ್ಲಿ ಹನ್ನೊಂದು ಸಾಲು. ಒಬ್ಬ ಮುದುಕ ಊಟ ಬೇಡವೆಂದದ್ದು, ಕಾರಣ ಹಲ್ಲುಸೆಟ್ಟು ಮನೆಯಲ್ಲೇ ಉಳಿದದ್ದು, ಸಂಚಿತಾ ಕೇಳುವವರೆಗೆ ಅದು ಯಾರಿಗೂ ಹೊಳೆಯದ್ದು. ಸೆವರಿನ್ ಎರಡು ಸಲ ಓದಿ ಹಾಳೆ ಹಿಂದಕ್ಕೆ ಕೊಡುತ್ತಾರೆ. "ಇದು ಇಂಗ್ಲಿಷ್. ನಿನಗೆ ಬರ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎರಡು ವರ್ಷ ಗೈಡು ತೊಳೆದಿಯಲ್ಲ, ಅದಕ್ಕೆ ನನಗೆ ಸಿಟ್ಟು."

ಪರೀಕ್ಷೆ ಮುಗಿದ ಮರುದಿನ ನಾನು ಮತ್ತೆ ಹೋದಾಗ ನೆಲಮಾಳಿಗೆ ಮಂಕಾಗಿತ್ತು. ಪ್ರಬಂಧಕ್ಕೆ ಬಂದ ವಿಷಯ 'ಸಮಯದ ಬೆಲೆ'. ಕಂಕನಾಡಿಯಲ್ಲಿ ಮಾರುವ ಗೈಡಿನಲ್ಲಿ ಅದು ಅಕ್ಷರಶಃ ಇದೆ. ಪರೀಕ್ಷಾ ಕೊಠಡಿಯಲ್ಲಿದ್ದವರೆಲ್ಲ ಅದನ್ನೇ ಭಟ್ಟಿ ಇಳಿಸಿದರಂತೆ. ಸಂಚಿತಾಗೂ ಅದು ಬಾಯಿಪಾಠ. ಆದರೂ ಬರೆದದ್ದು ಬೇರೆ: ವಾರ್ಡಿನ ಗಂಟೆ ಬಾರಿಸಿ ಡಾಕ್ಟರ್ ಬರುವವರೆಗಿನ ಏಳು ನಿಮಿಷ, ಆ ಹೊತ್ತಿನಲ್ಲಿ ಒಬ್ಬ ನರ್ಸ್ ಏನೇನು ಮಾಡುತ್ತಾಳೆ ಎಂಬುದು.

"ನನ್ನ ಮಾತು ಕೇಳಿ ಹಾಳಾದಳೋ ಏನೋ" ಎಂದರು ಸೆವರಿನ್. ಸ್ವರದಲ್ಲಿ ಗುಡುಗಿರಲಿಲ್ಲ. "ನೋಡುವವನು ಗೈಡಿನವನೇ ಆಗಿದ್ರೆ? ಪಿಯುಸಿ ಓದಿದವನಿಗೆ ಯಾಕೆ ಬೇಕಿತ್ತು ಈ ಅಧಿಕಪ್ರಸಂಗ ಅಂತ ನನ್ನ ಹೆಂಡತಿ ಎಲೇನ್ ಕೇಳ್ತಾಳೆ. ಅವಳು ಹೇಳುವುದರಲ್ಲಿ ತಪ್ಪೆಂತ ಉಂಟು?" ಆ ವಾರ ಅವರು ಒಂದೇ ಒಂದು ಶೀಟನ್ನೂ ವಾಪಸ್ ಕಳಿಸಲಿಲ್ಲವೆಂದು ವಾರ್ಡಿನವರು ಗಾಬರಿಯಾಗಿದ್ದರು. ಇಷ್ಟೆಲ್ಲ ಇಂಗ್ಲಿಷ್ ಇದ್ದೂ ಒಬ್ಬಾಕೆಯ ಬದುಕು ಕಾಣದ ಯಾರದೋ ಕೆಂಪು ಪೆನ್ನಿಗೆ ಕಾಯಬೇಕಲ್ಲ ಎಂದು ನನಗೂ ಸಿಟ್ಟು ಬಂತು.

ಇಪ್ಪತ್ತೆರಡನೇ ದಿನ ಫಲಿತಾಂಶ. ಇಂಗ್ಲಿಷಿನಲ್ಲಿ ಸಂಚಿತಾಗೆ ಮೂವತ್ತೊಂದು. ಸೀಟು ಸಿಕ್ಕಿದೆ. ಬೆಂಚಿನ ಉಳಿದ ನಾಲ್ವರಲ್ಲಿ ಇಬ್ಬರಿಗಷ್ಟೇ ದಾಟಲಾಗಿದೆ. ಉಳಿದಿಬ್ಬರು ಸೋಮವಾರದಿಂದ ಮತ್ತೆ ಬರುತ್ತಾರೆ.

ಅಭಿನಂದಿಸಲು ಹೋದರೆ ಸೆವರಿನ್ ಹುಬ್ಬು ಗಂಟಿಕ್ಕಿಕೊಂಡೇ ಕೂತಿದ್ದಾರೆ. ಮತ್ತೆ ಏನಾಯಿತೆಂದು ಕೇಳುತ್ತೇನೆ.

"ಎಂತ ಆಗುವುದು? ಓದಲಿಕ್ಕೆ ಎರಡು ವರ್ಷ ರಜೆ ಬೇಕಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಅರ್ಜಿ. ಈ ಆಸ್ಪತ್ರೆಯಲ್ಲಿ ಯಾರ ರಜೆ ಅರ್ಜಿಯೂ ನನ್ನ ಕೈಯಲ್ಲಿ ಬರೆಸದೆ ಆಫೀಸಿಗೆ ಹೋಗುವುದಿಲ್ಲ. ಸಂಚಿತಾ ತಾನೇ ಬರೆದು ಸೀದಾ ಕೊಟ್ಟಳಂತೆ. ಅವರು ಒಂದು ಪ್ರಶ್ನೆ ಕೇಳದೆ ಸಹಿ ಹಾಕಿದ್ರಂತೆ." ಸೆವರಿನ್ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಳ್ಳುತ್ತಾರೆ. "ನನಗೆ ತೋರಿಸಲೇ ಇಲ್ಲ ಮಾರಾಯ್ರೆ."