ಕೊರಳೊಳಗೆ ಬೆಳೆದ ಕೊಂಬು

ನಮ್ಮ ಮನೆ ಮಾಲೀಕರು ನಗುವಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಲವತ್ತು ವರ್ಷ ಕೋವಿ ಹಿಡಿದು ಗುರಿಯಿಟ್ಟು ಅಭ್ಯಾಸವಾದ ಕಣ್ಣು. ಗುರಿ ನೋಡುವ ಬಲಗಣ್ಣಿಗೆ, ನಾವು ಆ ಮನೆಗೆ ಹೋಗುವ ಹೊತ್ತಿಗಾಗಲೇ ತಿಳಿಗಂಜಿಯ ಬಣ್ಣದ ಪೊರೆ ಬರತೊಡಗಿತ್ತು.

ಅರವತ್ತರ ದಶಕದ ಕೊನೆಯ ವರ್ಷಗಳು. ನನ್ನ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಕೆಲಸ. ಊರೊಳಗೆ ಮನೆ ಸಿಗದೆ, ರೈಲಿನಲ್ಲಿ ಒಂದು ಗಂಟೆ ದೂರದ ಗುಡ್ಡದ ಹಳ್ಳಿಯಲ್ಲಿ ಈ ವಿಧುರರ ಮನೆಯ ಮಹಡಿ ಹಿಡಿದೆವು. ಮೆಟ್ಟಿಲು ಗುಡಿಸುವ ಸರದಿಗೆ ಅಲ್ಲಿ ಕೇರ್‌ವೋಖೆ ಎನ್ನುತ್ತಾರೆ. ನಮ್ಮ ಸರದಿ ಬಂದ ಮೊದಲ ವಾರ ನಾನು ಗುಡಿಸಿ, ತೊಳೆದು, ಬಾಗಿಲ ಮುಂದೆ ರಂಗೋಲಿ ಇಟ್ಟೆ. “ಏನು ಮೇಡ್ಲೆ, ಗುಡಿಸಿದ ಮೇಲೆ ಮತ್ತೆ ಹಿಟ್ಟು ಚೆಲ್ಲೋದು ಯಾವ ನ್ಯಾಯ?” ಎಂದು ಗದರಿದರು. ಮೇಡ್ಲೆ ಎಂದರೆ ಅವರ ಸೀಮೆಯ ಮಾತಿನಲ್ಲಿ ಹುಡುಗಿ. ಮಾರನೆಯ ದಿನದಿಂದ ಮಾತ್ರ ರಂಗೋಲಿ ತುಳಿಯದೆ ಉದ್ದ ಹೆಜ್ಜೆ ಇಟ್ಟು ದಾಟುತ್ತಿದ್ದರು. ಬೇಟೆಯಾಡಿ ತಂದು ಗೋಡೆಗೆ ತೂಗುಹಾಕಿದ್ದ ಕೊಂಬುಗಳನ್ನು ನೋಡಲಾರದೆ ನಾನು ಮುಖ ತಿರುಗಿಸಿ ಮೆಟ್ಟಿಲು ಹತ್ತುವುದು ಅವರಿಗೆ ಗೊತ್ತಾಗಿರಬೇಕು. ಶುಕ್ರವಾರಗಳಂದು, ನಾನು ಕೇಳದೆಯೇ, ಅವಕ್ಕೆಲ್ಲ ಬಿಳಿ ದುಪ್ಪಟಿ ಹೊದಿಸಿಡುತ್ತಿದ್ದರು. ಪರದೇಶದಲ್ಲೂ ದೇವರು ಇಷ್ಟು ನಡೆಸಿಕೊಟ್ಟನಲ್ಲ ಎಂದುಕೊಳ್ಳುತ್ತಿದ್ದೆ.

ಅವರು ಬೇಟೆಯಾಡುತ್ತಿದ್ದುದು ಕಾಡುಕುರಿ. ಯಾವುದೋ ದ್ವೀಪದಿಂದ ಹಿಂದೆಂದೋ ತಂದು ಆ ಗುಡ್ಡಗಳಲ್ಲಿ ಬಿಟ್ಟ ಜಾತಿ. ಟಗರಿನ ಕೊಂಬು ವರ್ಷ ವರ್ಷವೂ ಸುತ್ತಿಕೊಂಡು ಬೆಳೆಯುತ್ತದೆ. “ಜಿಂಕೆಯಾದ್ರೆ ಒಂದನ್ನ ಏಮಾರಿಸಿದ್ರೆ ಆಯ್ತು. ಕುರಿ ಅಂದ್ರೆ ಇಡೀ ಸಂಸಾರಾನೇ ಏಮಾರಿಸಬೇಕು. ಗಂಡ ಮಲಗಿದ್ರೆ ಐದು ಹೆಂಡಿರು ಕಾವಲು!” ಎನ್ನುತ್ತಿದ್ದರು. ವರ್ಷವೆಲ್ಲ ಗುಡ್ಡ ಅಲೆದು ಒಂದನ್ನು ಹೊಡೆದರೆ ಹೆಚ್ಚು. ಬರಿಗೈಯಲ್ಲಿ ಬಂದ ದಿನವೂ ಮುಖದಲ್ಲಿ ಮದುವೆ ಊಟ ಮುಗಿಸಿ ಬಂದ ಕಳೆ.

ಆ ವರ್ಷ ಎಲೆ ಉದುರುವ ಕಾಲಕ್ಕೆ ಆ ಕಳೆ ಹೋಯಿತು. ಊಟ ಬಿಟ್ಟರು. ಒಂದು ಮಧ್ಯಾಹ್ನ ಬಿಸಿ ಸಾರನ್ನ ತೆಗೆದುಕೊಂಡು ಹೋದೆ. ಚಮಚ ಮುಟ್ಟದೆ ಹೇಳಿದರು.

ನಾಲ್ಕು ವರ್ಷದ ಹಿಂದೆ ಒಂದು ಟಗರು ಅವರ ಗುರಿಗೆ ಸಿಕ್ಕಿತ್ತು. ಅದರ ಕೊಂಬು ಹೊರಕ್ಕೆ ಬಾಗದೆ ಕೊರಳಿನ ಕಡೆಗೇ ತಿರುಗುತ್ತಿದ್ದುದನ್ನು ಕಂಡಿದ್ದರು. ಅಂಥದನ್ನು ಬೆಳೆಯಲು ಬಿಡದೆ ಆಗಲೇ ಹೊಡೆಯಬೇಕೆಂಬುದು ಬೇಟೆಗಾರರ ಕಟ್ಟಳೆ. ಇವರು ಬಿಟ್ಟರು.

“ಯಾಕೆ?” ಎಂದೆ.

“ಇನ್ನೆರಡು ವರ್ಷ ಬಿಟ್ರೆ ಪೂರ್ತಿ ಸುತ್ತು ಬರ್ತಿತ್ತು. ಅಂಥ ತಲೆ ಈ ಜಿಲ್ಲೆಯಲ್ಲಿ ಯಾರ ಗೋಡೆ ಮೇಲೂ ಇಲ್ಲ. ಪ್ರತಿ ವರ್ಷ ನೋಡ್ದೆ, ಪ್ರತಿ ವರ್ಷ ಬಿಟ್ಟೆ.” ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಈಗ ಕೊಂಬಿನ ತುದಿ ಕೊರಳೊಳಗೆ ಇಳಿದಿದೆ, ಮೇಡ್ಲೆ. ತಲೆ ಬಗ್ಗಿಸಿ ಮೇಯೋಕಾಗಲ್ಲ. ಹಿಮ ಬಿದ್ರೆ ನಿಂತಲ್ಲೇ ಉಪವಾಸ ಸಾಯುತ್ತೆ.”

ಅದರ ಸ್ಥಿತಿ ಕಂಡು ಬಂದು ಹೇಳಿದ್ದ ಬೇರೆ ಬೇಟೆಗಾರರು ಎರಡು ದಿನ ಹುಡುಕಿ ಕೈಬಿಟ್ಟಿದ್ದರು. ಇವರ ಕಣ್ಣಿಗೆ ದೂರದ ಪೊದೆಯೂ ಕುರಿಯೂ ಒಂದೇ. “ಕೋವಿಯ ದುರ್ಬೀನಿನೊಳಗೆ ಬಂದ್ರೆ ಕಾಣುತ್ತೆ. ಎತ್ತ ತಿರುಗಿಸ್ಬೇಕು ಅನ್ನೋದೇ ಕಾಣಲ್ಲ. ನೀನು ತೋರಿಸ್ತೀಯಾ?”

ನಾನು ಎದ್ದು ಬಂದುಬಿಟ್ಟೆ. ಎರಡು ದಿನ ದೇವರ ಮುಂದೆ ಕೂತೆ. ತಲೆ ಬಗ್ಗಿಸಲಾಗದ ಆ ಪ್ರಾಣಿಯೇ ಕಣ್ಣಮುಂದೆ ಬರುತ್ತಿತ್ತು. ಮೂರನೆಯ ಬೆಳಿಗ್ಗೆ ಬೂಟು ಹಾಕಿಕೊಂಡೆ.

“ಮೊಟ್ಟೆ ಇಟ್ಟ ಪಾತ್ರೆ ಮುಟ್ಟದೋಳು ಬೇಟೆಗೆ ಹೊರಟ್ಯಾ? ನಿಮ್ಮಮ್ಮನಿಗೆ ಕಾಗದ ಬರೀಲಾ?” ಯಜಮಾನರು ನಕ್ಕರು.

“ಬರೀರಿ. ಜೊತೆಗೆ ನೀವು ರಜಾ ಹಾಕಿ ಬರಲ್ಲ ಅಂದಿದ್ದನ್ನೂ ಬರೀರಿ,” ಎಂದೆ.

ಮೂರು ಬೆಳಗು ಗಾಳಿಗೆ ಎದುರಾಗಿ ನಡೆದೆವು. ನಾನು ಕಾಣುವ ಮೊದಲೇ ಅವು ನಮ್ಮನ್ನು ಕಂಡಿರುತ್ತಿದ್ದವು. ಮೂರನೆಯ ದಿನ ಎದುರು ಇಳಿಜಾರಿನಲ್ಲಿ ಮಂದೆ, ಅದರಾಚೆ ಒಂಟಿಯಾಗಿ ನಿಂತ ಆ ಟಗರು! “ಅಲ್ಲಿ” ಎಂದು ಕೈ ಎತ್ತಿದೆ. ಎತ್ತಿದ್ದೇ ತಪ್ಪು. ಚಿನ್ನದ ಬಳೆಗೆ ಬಿಸಿಲು ತಾಗಿ ಫಳಕ್ಕೆಂದಿತು. ಕಾವಲಿನ ಹೆಣ್ಣು ಸಿಳ್ಳೆಯಂತೆ ಉಸಿರು ಬಿಟ್ಟಿತು. ಮೊರದಿಂದ ಕಾಳು ಚೆಲ್ಲಿದ ಹಾಗೆ ಮಂದೆ ಮರಗಳೊಳಗೆ ಹೋಯಿತು. ಟಗರು ಕತ್ತು ಸೆಟೆದುಕೊಂಡು, ಎಡವುತ್ತ, ಹಿಂದೆಯೇ ಹೋಯಿತು.

ಅವರು ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ಅತ್ತರು. ಆ ರಾತ್ರಿ ಹಿಮ ಬಿತ್ತು.

ಮುತ್ತೈದೆ ಬಳೆ ಬಿಚ್ಚುವಂತಿಲ್ಲ. ಮಾರನೆಯ ಬೆಳಿಗ್ಗೆ ಮೊಣಕೈಗೆ ಏರಿಸಿ, ಕರಿಯ ಬಟ್ಟೆ ಬಿಗಿದು ಹೋದೆ. ಟಗರು ದೂರ ಹೋಗಿರಲಿಲ್ಲ. ಮುಂಗಾಲು ಮಡಿಚಿ ಮಂಡಿಯೂರಿ, ಹಿಮದಲ್ಲಿ ಬಾಯಿಗೆಟುಕಿದ ತೊಗಟೆ ಕಚ್ಚುತ್ತಿತ್ತು. ನಾನು ಕೈ ಎತ್ತಲಿಲ್ಲ. ಅವರ ಹಿಂದೆ ನಿಂತು ಎರಡು ಭುಜ ಹಿಡಿದು ಮೆಲ್ಲಗೆ ತಿರುಗಿಸಿದೆ. “ಇನ್ನೊಂಚೂರು ಎಡಕ್ಕೆ. ಬಿಳಿ ಮರದ ಬುಡ.”

“ಸಿಕ್ತು,” ಎಂದರು.

ನಾನು ಕಣ್ಣು ಮುಚ್ಚಿ ನಾರಾಯಣ ಎಂದೆ. ಒಂದೇ ಗುಂಡು ಸಾಕಾಯಿತು, ಅಷ್ಟು ದಯೆ ಇತ್ತು.

ಅವರು ಫರ್ ಮರದ ಎಳೆ ರೆಂಬೆ ಮುರಿದು ಅದರ ಬಾಯಿಗಿಟ್ಟರು. ಕೊನೆಯ ತುತ್ತು ಎನ್ನುತ್ತಾರಂತೆ ಅದಕ್ಕೆ. ನಮ್ಮಲ್ಲಿ ತುಳಸಿ ನೀರು ಬಿಡುವ ಹಾಗೆ. ಆಮೇಲೆ ಕೊಂಬು ಹೊಕ್ಕ ಗಾಯದೊಳಗೆ ಬೆರಳಿಟ್ಟು ಅಳೆದು, ನನ್ನ ಕಡೆ ಚಾಚಿ, “ನೋಡು, ನನ್ನ ಆಸೆ ಇಷ್ಟುದ್ದ ಇತ್ತು,” ಎಂದರು.

ಆ ಕೊಂಬು ಗೋಡೆಗೆ ಬರಲಿಲ್ಲ, ಅಲ್ಲೇ ಮಣ್ಣಿಗೆ ಹೋಯಿತು. ಭಾನುವಾರ ಬೇಟೆಗಾರರೆಲ್ಲ ಕೂಡುವ ಹೋಟೆಲಿನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದರಂತೆ. “ನಾವಾಗಿದ್ರೂ ಬಿಡ್ತಿದ್ವಿ ಕಣಯ್ಯ, ಕೂತ್ಕೋ,” ಎಂದು ಉಳಿದವರು ಬಿಯರ್ ಮುಂದಿಟ್ಟರೆ, ಇವರು ಕುಡಿಯದೆ ಬಂದರು. ಕೋವಿಯನ್ನು ಮತ್ತೆ ಮುಟ್ಟಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ತೋಟದ ಬೆಂಚಿನ ಮೇಲೆ ಕೂತಲ್ಲೇ ಹೋದರು.

ತಪ್ಪು ನನ್ನದು ಎಂದು ನೆಪ ಹೇಳದೆ ಒಪ್ಪಿಕೊಳ್ಳುವುದನ್ನು ನಾನು ಕಂಡದ್ದು ಅವರಲ್ಲಿ. ಒಂದು ಜೀವವನ್ನು ತೋರಿಸಿಕೊಟ್ಟೆನೆಂದು ನಾನು ದೇವರಲ್ಲಿ ಕ್ಷಮೆ ಬೇಡಿಲ್ಲ. ನನ್ನ ಬಳೆಯಿಂದಾಗಿ ಆ ಟಗರು ಇನ್ನೂ ಒಂದು ಹಗಲು, ಒಂದು ರಾತ್ರಿ ನರಳಿತಲ್ಲ, ಅದಕ್ಕೆ ದಿನವೂ ಬೇಡುತ್ತೇನೆ.