ಮದಕರಿಪುರದ ಮೂರು ಸುತ್ತಿನ ಇಟ್ಟಿಗೆ ಫ್ಯಾಕ್ಟರಿ

ಮುರುಗೇಶಪ್ಪನ ಬಲಗೈಗೆ ಚಿತ್ರದುರ್ಗದ ಮಂಡಿಯಲ್ಲಿ ದೊಡ್ಡ ಹೆಸರಿತ್ತು. ಈರುಳ್ಳಿ ಚೀಲ ಬಿಚ್ಚಿದರೆ ಉಳಿದ ವ್ಯಾಪಾರಿಗಳು ಮೇಲಿನ ಗಡ್ಡೆ ನೋಡಿ ಬೆಲೆ ಕೂಗುತ್ತಿದ್ದರು. ಇವನು ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ಇಳಿಸಿ, ತಳದಿಂದ ಗೋಲಿ ಗಾತ್ರದ ಗಡ್ಡೆಯೊಂದನ್ನು ಎತ್ತಿ ಸೋತ ಶತ್ರುವಿನ ಕಿರೀಟದಂತೆ ಎಲ್ಲರಿಗೂ ತೋರಿಸುತ್ತಿದ್ದ. ಅದನ್ನು ಬೆಳೆದ ರೈತ ನೆಲ ನೋಡುತ್ತಿದ್ದ. ಅರ್ಧ ಆಯಸ್ಸು ಹೀಗೇ ಕಳೆದ ಮೇಲೆ ಅವನಿಗೆ ಒಂದು ಖಾತ್ರಿಯಾಗಿತ್ತು: ಇಡೀ ಪ್ರಪಂಚವೇ ಒಂದು ಚೀಲ. ಮೇಲೆ ದಪ್ಪ, ಒಳಗೆ ಗೋಲಿ.

ಹೆಣ್ಣು ನೋಡಲು ತಾಳ್ಯಕ್ಕೆ ಹೋದಾಗಲೂ ಅಷ್ಟೇ. ಉಪ್ಪಿಟ್ಟು ಬಂತು. ಅನುಮಾನ ಬರುವಷ್ಟು ಚೆನ್ನಾಗಿತ್ತು. "ಇದನ್ನ ಮಾಡಿದ್ದು ಯಾರು?" ಎಂದು ನೇರವಾಗಿ ಹುಡುಗಿಯನ್ನೇ ಕೇಳಿದ. ಅವಳ ಅಪ್ಪ ಬಾಯಿ ತೆರೆಯುವ ಮೊದಲೇ ಹುಡುಗಿ, "ಪಕ್ಕದ ಮನೆ ಅತ್ತೆ. ನನಗೆ ಉಪ್ಪಿನ ಅಂದಾಜು ಹತ್ತಲ್ಲ" ಅಂದಳು. ಮುರುಗೇಶಪ್ಪ ಕೂತ ಜಾಗದಲ್ಲೇ ಒಪ್ಪಿದ. ಹಾಗೆ ಹೆಂಡತಿಯಾಗಿ ಬಂದ ಅನ್ನಪೂರ್ಣಮ್ಮ ಒಬ್ಬಳನ್ನು ಬಿಟ್ಟರೆ ಈ ಭೂಮಿಯ ಮೇಲೆ ಅವನು ನಂಬಿದ ಜೀವ ಇನ್ನೊಂದಿಲ್ಲ.

ಅಂಥವನು ಈರುಳ್ಳಿ ವ್ಯಾಪಾರ ಬಿಟ್ಟು, ಅದರಲ್ಲಿ ದುಡಿದದ್ದನ್ನೆಲ್ಲ ಸುರಿದು, ಮದಕರಿಪುರದ ತನ್ನ ಜಮೀನಿನಲ್ಲಿ ಸಿಮೆಂಟ್ ಇಟ್ಟಿಗೆ ಫ್ಯಾಕ್ಟರಿ ಹಾಕಲು ಹೊರಟ. ಶೆಡ್ಡು, ಗೋಡೆ, ಮಿಷಿನ್ ಕೂರಿಸುವುದು ಎಲ್ಲವನ್ನೂ ದುರ್ಗದ ಹಜರತ್ ಅಲಿಗೆ ವಹಿಸಿದ. ಅಲಿ ಇಂಥ ಫ್ಯಾಕ್ಟರಿಗಳನ್ನು ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಕೂರಿಸಿದವನು. ಮುರುಗೇಶಪ್ಪ ಅದಕ್ಕಾಗಿ ವಹಿಸಿದ್ದಲ್ಲ. ಕೆಲಸವೆಲ್ಲ ಒಬ್ಬನ ಕೈಯಲ್ಲಿದ್ದರೆ ಕಾಯುವುದು ಸುಲಭ ಎಂದು ಲೆಕ್ಕ ಹಾಕಿದ್ದ.

ಅಲಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆದ. "ನೋಡ್ರಿ ಸೌಕಾರ್ರೇ. ಈ ಗೇಟಿಂದ ಕಲ್ಲುಪುಡಿ ಲಾರಿ ಬರುತ್ತೆ. ಇಲ್ಲಿ ರಾಶಿ, ಪಕ್ಕಕ್ಕೇ ಮಿಕ್ಸರ್. ಮಿಕ್ಸರಿಂದ ಬೆಲ್ಟು, ಬೆಲ್ಟಿಂದ ಪ್ರೆಸ್ಸು. ಅದರ ಮುಂದೆ ಇಟ್ಟಿಗೆಗೆ ನೀರು ಹೊಡೆಯೋ ಅಂಗಳ. ಆ ಕಡೆ ಗೇಟಿಂದ ಮಾಲು ಹೊರಗೆ. ಒಂದೇ ಗೆರೆ. ಯಾರೂ ಯಾರಿಗೂ ಅಡ್ಡ ಬರಲ್ಲ."

"ಎರಡು ಗೇಟು ಯಾಕೆ?"

"ಒಂದು ಒಳಗೆ ಬರಾಕೆ, ಒಂದು ಹೊರಗೆ ಹೋಗಾಕೆ."

"ಹೊರಗೆ ಏನು ಹೋಗುತ್ತೆ ಅಂತ ನಂಗೊತ್ತೈತೆ. ನನ್ನ ಸಿಮೆಂಟು."

ಮುರುಗೇಶಪ್ಪ ತಲೆ ಎತ್ತಿದ. ದೂರದಲ್ಲಿ ಬಂಡೆಗಳ ನಡುವೆ ಕೋಟೆಯ ಗೋಡೆ ಹಾವಿನಂತೆ ಸುತ್ತಿಕೊಂಡಿತ್ತು. ದುರ್ಗದ ಗಂಡಸಿನ ರಕ್ತ ಕುದಿಯಿತು.

"ಅಲ್ನೋಡಲೇ. ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ನೇರ ದಾರಿ ಐತಾ? ಹೊಕ್ಕೋನು ತಿರುಗಿ ತಿರುಗಿ ಸುಸ್ತಾಗ್ಬೇಕು. ಏಳು ಸುತ್ತು!"

"ಅವರು ಇಟ್ಟಿಗೆ ಮಾರ್ತಿರ್ಲಿಲ್ಲ ಸೌಕಾರ್ರೇ."

ಸುಣ್ಣದ ಗೆರೆಗಳನ್ನು ಮುರುಗೇಶಪ್ಪ ಕಾಲಿನಿಂದ ಒರೆಸಿ ತನ್ನದೇ ವ್ಯೂಹ ರಚಿಸಿದ. ಏಳು ಸುತ್ತಿಗೆ ಜಾಗ ಸಾಲದೆ ಬಹಳ ನೋವಿನಿಂದ ಮೂರಕ್ಕೆ ಇಳಿಸಿದ. ಗೇಟು ಒಂದೇ. ಹೊರ ಸುತ್ತಿನಲ್ಲಿ ಕಲ್ಲುಪುಡಿ, ನಡು ಸುತ್ತಿನಲ್ಲಿ ಮಿಕ್ಸರ್, ಗರ್ಭಗುಡಿಯಲ್ಲಿ ಪ್ರೆಸ್ಸು. ಯಾವ ಕೂಲಿಯಾಳು ಎಲ್ಲಿಗೆ ಹೋದರೂ ಮುರುಗೇಶಪ್ಪನ ಕುರ್ಚಿಯ ಮುಂದೆಯೇ ಹಾಯಬೇಕು.

"ಲಾರಿ ತಿರುಗುತ್ತೇನ್ರೀ?" ಎಂದಳು ಅನ್ನಪೂರ್ಣಮ್ಮ.

"ಕೋಟೇಲಿ ಆನೇನೇ ತಿರುಗ್ತಿತ್ತು."

"ಆನೆ ಬಳುಕುತ್ತೆ. ಲಾರಿ ಬಳುಕುತ್ತಾ?"

ಅಲಿ ಒಂದು ವಾರ ಜಗಳವಾಡಿದ. ಆಮೇಲೆ ಒಂದು ಬೆಳಿಗ್ಗೆ ಬಂದು, "ಆಯ್ತು ಬಿಡ್ರಿ, ನಿಮ್ಮಂಗೇ ಕಟ್ಟಾಣ" ಎಂದು ಒಪ್ಪಿಬಿಟ್ಟ. ಮುರುಗೇಶಪ್ಪನಿಗೆ ನಿದ್ದೆ ಹಾರಿದ್ದು ಅಂದಿನಿಂದಲೇ. ಜಗಳವಾಡುವವನನ್ನು ಸಹಿಸಬಹುದು; ಒಪ್ಪಿಕೊಂಡವನ ಹೊಟ್ಟೆಯಲ್ಲಿ ಏನಿದೆಯೋ!

ಅವನ ಮೂಗಿಗೆ ವಾಸನೆ ಬಡಿಯಿತು. ಗೋಡೆ ಏರಿದಷ್ಟು ಖಾಲಿ ಸಿಮೆಂಟ್ ಚೀಲ ಬೀಳುತ್ತಿರಲಿಲ್ಲ. ಸಂಜೆ ಅಲಿಯ ಟೆಂಪೋ ಹೊರಡುವಾಗ ಸೀಟು ಎತ್ತಿಸಿ ನೋಡಿದ. ಊಟದ ಡಬ್ಬಿ. ಸಲಕರಣೆ ಚೀಲದೊಳಗೆ ಭುಜದವರೆಗೆ ಕೈ ಇಳಿಸಿದ. ಸ್ಪ್ಯಾನರು. "ನನ್ನ ಜೇಬಿನಾಗೂ ಕೈ ಹಾಕ್ರಿ, ಬೀಡಿ ಅವೆ" ಎಂದ ಅಲಿ. ಮುರುಗೇಶಪ್ಪ ಅದನ್ನೂ ಬಿಡಲಿಲ್ಲ. ಗೋಡೆಯನ್ನು ಗುದ್ದಿ ನೋಡಿದ; ಗಟ್ಟಿಯಾಗಿಯೇ ಇತ್ತು. ಅದೂ ಅವನಿಗೆ ಸರಿಬರಲಿಲ್ಲ.

ಪ್ರೆಸ್ಸು ಬರುವ ದಿನ ಬಂತು. ಮುಂದೆ ಮಿಷಿನ್ ಹೊತ್ತ ಲಾರಿ, ಹಿಂದೆ ಕ್ರೇನು, ರಥ ಮತ್ತು ಗಜದಳದಂತೆ ಕೋಟೆ ಹೊಕ್ಕವು. ಮೊದಲ ತಿರುವಿನಲ್ಲೇ ಲಾರಿಯ ಮೂತಿ ಒಂದು ಗೋಡೆಗೆ, ಹಿಂಭಾಗ ಇನ್ನೊಂದು ಗೋಡೆಗೆ ತಾಗಿ ನಿಂತಿತು. ಡ್ರೈವರ್ ಹಿಂದೆ ಬಿಟ್ಟ, ಮುಂದೆ ಬಿಟ್ಟ, ಕೊನೆಗೆ ಇಳಿದು ಬಂದ.

"ಯಜಮಾನ್ರೇ, ಇದೇನು ಫ್ಯಾಕ್ಟರಿಯೋ ಇಲಿ ಬಿಲವೋ? ಕ್ರೇನು ನಾಳೆ ಹೊಸದುರ್ಗದಾಗಿರ್ಬೇಕು. ಸಂಜೆ ಒಳಗೆ ಇಳಿಸ್ಲಿಲ್ಲ ಅಂದ್ರೆ ಮಿಷಿನ್ ವಾಪಸ್. ಇದಕ್ಕೆ ಇನ್ನೊಬ್ಬರು ಕಾಯ್ತಾ ಅವ್ರೆ."

ಮುರುಗೇಶಪ್ಪ ಬೆಟ್ಟದ ಕಡೆ ನೋಡಿದ. ಈ ಪ್ರೆಸ್ಸು ತಿರುಗಿ ಹೋದರೆ ಉಳಿಯುವುದು ಮೂರು ಸುತ್ತು ಗೋಡೆ, ನಡುವೆ ಒಂದು ಕುರ್ಚಿ. ಸೂರ್ಯ ಇಳಿಯುತ್ತಿದ್ದ.

"ಒಡೀರಿ," ಎಂದ, ಕೋಟೆಯ ಬೀಗದ ಕೈ ಒಪ್ಪಿಸುವ ಪಾಳೇಗಾರನ ದನಿಯಲ್ಲಿ.

ಇಬ್ಬರು ಆಳುಗಳು ಹಾರೆ ಮೀಟಿದರು. ಎರಡನೇ ಮೀಟಿಗೆ ಕಾಯದೆ ಗೋಡೆ ಮೆತ್ತಗೆ ಕುಸಿದು ಕೂತಿತು. ಕೆಂಪು ಧೂಳು ಎದ್ದಿತು. ಮುರುಗೇಶಪ್ಪನ ಕಿವಿ ನೆಟ್ಟಗಾಯಿತು. ಕುರ್ಚಿ ಬಿಟ್ಟೆದ್ದು, ತೋಳು ಮಡಚಿ, ಮುರಿದ ಗೋಡೆಯೊಳಗೆ ಭುಜದವರೆಗೆ ಕೈ ಇಳಿಸಿದ. ಹೊರಬಂದದ್ದು ಒಂದು ಹಿಡಿ ಕೆಮ್ಮಣ್ಣು. ಇಟ್ಟಿಗೆಗಳ ನಡುವೆ ಬರೀ ಮಣ್ಣು. ಸಿಮೆಂಟು ಇದ್ದದ್ದು ಹೊರಗೆ, ದೋಸೆಯಷ್ಟು ತೆಳ್ಳಗೆ.

ಅಲಿ ಎರಡು ಹೆಜ್ಜೆ ಹಿಂದೆ ಸರಿದ. ಆದರೆ ಮುರುಗೇಶಪ್ಪನ ಮುಖದಲ್ಲಿ ಹಬ್ಬ!

"ಮೇಲೆ ದಪ್ಪ, ಒಳಗೆ ಗೋಲಿ! ನಾ ಹೇಳಿರ್ಲಿಲ್ವಾ? ಇವನ ಮೇಲೆ ನಂಗೆ ಮೊದಲಿಂದ ಅನುಮಾನ!" ಎಂದು ಆ ಹಿಡಿ ಮಣ್ಣನ್ನು ಡ್ರೈವರಿಗೆ, ಆಳುಗಳಿಗೆ, ಹೆಂಡತಿಗೆ ಒಬ್ಬೊಬ್ಬರಿಗೇ ತೋರಿಸಿದ. "ನನ್ನ ಸಿಮೆಂಟು ಎಲ್ಲಲೇ?"

"ನಿಮ್ಮ ಕುರ್ಚಿ ಹಿಂದೆ, ಟಾರ್ಪಾಲಿನ ಕೆಳಗೆ. ದಿನಾ ನೀವೇ ಕಾಯ್ತಿದ್ರಿ. ಹೊರಗಿನ ಕಾಂಪೌಂಡಿಗೆ ಪೂರ್ತಿ ಹಾಕೀನಿ. ಹೆಂಗೂ ಒಡೆಯೋ ಗೋಡೆಗೆ ಸಿಮೆಂಟ್ ಯಾಕೆ ದಂಡ ಅಂತ ಒಳಗಿನ ಸುತ್ತುಗಳನ್ನ ಮಣ್ಣಾಗೆ ಕಟ್ಟಿದೆ."

ಅದು ಮುರುಗೇಶಪ್ಪನದೇ ಮನೆಯ ಈರುಳ್ಳಿ ಟಾರ್ಪಾಲು. ಮನೆಯದನ್ನು ಎತ್ತಿ ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಇದನ್ನ ಕೊಟ್ಟಿದ್ದು ಯಾರು?"

"ನಾನು," ಎಂದಳು ಅನ್ನಪೂರ್ಣಮ್ಮ. "ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ."

ಉಪ್ಪಿಟ್ಟಿನ ದಿನದಂತೆಯೇ ಮುರುಗೇಶಪ್ಪ ನಿಂತ ಜಾಗದಲ್ಲೇ ಒಪ್ಪಿದ.

ಅಡ್ಡ ಬಂದ ಉಳಿದ ಒಳಗೋಡೆಗಳೂ ಬಿದ್ದವು; ಲಾರಿ ನೇರವಾಗಿ ಒಳಗೆ ನುಗ್ಗಿತು. ಪ್ರೆಸ್ಸು ಇಳಿದು ಕೂತದ್ದು ಅಲಿ ಮೊದಲ ದಿನ ಸುಣ್ಣ ಹಾಕಿದ್ದ ಜಾಗದಲ್ಲೇ. ಎರಡನೇ ಗೇಟಿಗೂ ಒಪ್ಪಿಗೆ ಸಿಕ್ಕಿತು, ಕುರ್ಚಿ ಆ ಗೇಟಿನ ಬಾಯಲ್ಲೇ ಇರಬೇಕೆಂಬ ಷರತ್ತಿನ ಮೇಲೆ.

ಮಿಷಿನ್ ಓಡಿದ ದಿನ ಮೊದಲ ಇಟ್ಟಿಗೆ ಹಸಿಹಸಿಯಾಗಿ ಹೊರಬಂತು. ಅನ್ನಪೂರ್ಣಮ್ಮ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ತೆಂಗಿನಕಾಯಿಗೆಂದು ಆ ಕಡೆ ತಿರುಗಿದಳು. ತಿರುಗಿ ನೋಡುವಷ್ಟರಲ್ಲಿ ಇಟ್ಟಿಗೆ ಮುರುಗೇಶಪ್ಪನ ಕೈಯಲ್ಲಿ ಎರಡು ಹೋಳಾಗಿತ್ತು.

"ಸೌಕಾರ್ರೇ!" ಎಂದು ಅಲಿ ತಲೆ ಮೇಲೆ ಕೈ ಹೊತ್ತ.

ಮುರುಗೇಶಪ್ಪ ಹೋಳಿನ ಒಡಲನ್ನು ಬೆರಳಿನಿಂದ ಕೆದಕಿ, ಕಣ್ಣಿಗೆ ಹತ್ತಿರ ಹಿಡಿದು, ಮೂಸಿ ನೋಡಿದ.

"ಒಳಗೂ ಸಿಮೆಂಟೇ ಐತೆ," ಎಂದ, ಸ್ವಲ್ಪ ಬೇಜಾರಿನಿಂದಲೇ.